ದೋಣಿಯ ಬ್ಯಾಟರಿ ಏಕೆ ಚಾರ್ಜ್ ಆಗುತ್ತಿಲ್ಲ?

ನಮ್ಮ ಕರಾವಳಿಯ ನಾಡದೋಣಿಗಳಿಗೆ ಔಟ್‌ಬೋರ್ಡ್ ಎಂಜಿನ್ ಬಂದ ಮೇಲೆ ಹುಟ್ಟು ಹಾಕುವ ಶ್ರಮ ಕಡಿಮೆಯಾಯಿತು. ದೋಣಿ ಹೋಗುವ ದೂರವೂ ಹೆಚ್ಚಾಯಿತು. ಎಂಜಿನ್ನಿನ ಬೆನ್ನಿಗೇ ದೋಣಿಯೊಳಕ್ಕೆ ಬ್ಯಾಟರಿಯೂ ಬಂತು. ರಾತ್ರಿಯ ದೀಪ, ವಿ.ಎಚ್.ಎಫ್. ರೇಡಿಯೋ, ದಾರಿ ತೋರಿಸುವ ಜಿ.ಪಿ.ಎಸ್., ಮೀನಿನ ಗುಂಪನ್ನು ಹುಡುಕುವ ಫಿಶ್ ಫೈಂಡರ್, ತಳದ ನೀರನ್ನು ಹೊರಹಾಕುವ ಪಂಪು ಇವೆಲ್ಲವೂ ನಂಬಿಕೊಂಡಿರುವುದು ಆ ಒಂದು 12 ವೋಲ್ಟಿನ ಪೆಟ್ಟಿಗೆಯನ್ನೇ.

ದಡದ ಮೇಲಿನ ಮನೆಯಲ್ಲಿ ವಿದ್ಯುತ್ ಹೋದರೆ ಮೇಣದ ಬತ್ತಿ ಹಚ್ಚಿ ಕಾಯಬಹುದು. ಕಡಲಿನಲ್ಲಿ ಹಾಗಲ್ಲ. ಬಲೆ ಬಿಟ್ಟು ಕತ್ತಲಲ್ಲಿ ನಿಂತ ದೋಣಿಯ ದೀಪ ಆರಿದರೆ, ಹಾದುಹೋಗುವ ದೊಡ್ಡ ಬೋಟಿನವರಿಗೆ ಆ ದೋಣಿ ಇಲ್ಲವೇ ಇಲ್ಲ. ರೇಡಿಯೋ ಸತ್ತರೆ 16ನೇ ಚಾನೆಲಿನಲ್ಲಿ ಸಹಾಯ ಕೇಳುವ ದಾರಿಯೂ ಮುಚ್ಚುತ್ತದೆ. ಆದುದರಿಂದ ಬ್ಯಾಟರಿ ಚಾರ್ಜ್ ಆಗದಿರುವುದು ಸಣ್ಣ ತೊಂದರೆಯಲ್ಲ. ಅದು ದೋಣಿಯಲ್ಲಿರುವವರ ಜೀವಕ್ಕೆ ಸಂಬಂಧಿಸಿದ ವಿಷಯ.

ಬ್ಯಾಟರಿ ಇಳಿಯತೊಡಗಿತೆಂದರೆ ಸಾಮಾನ್ಯವಾಗಿ ಏನು ಮಾಡುತ್ತೇವೆ? ಹಳೆಯದನ್ನು ಕೊಟ್ಟು ಹೊಸದನ್ನು ತರುತ್ತೇವೆ. ಕೆಲವು ವಾರ ಎಲ್ಲವೂ ಸರಿಯಾಗಿರುತ್ತದೆ. ಆಮೇಲೆ ಅದೇ ಕಥೆ. ಕಾರಣ ಇಷ್ಟೆ: ಅನೇಕ ಸಲ ತಪ್ಪು ಬ್ಯಾಟರಿಯದ್ದಾಗಿರುವುದಿಲ್ಲ. ಬ್ಯಾಟರಿ ಒಂದು ಸರಪಳಿಯ ಕೊನೆಯ ಕೊಂಡಿ ಮಾತ್ರ. ಹಿಂದಿನ ಕೊಂಡಿಗಳಲ್ಲಿ ಯಾವುದು ಸಡಿಲವಾದರೂ ಕೆಟ್ಟ ಹೆಸರು ಬರುವುದು ಕೊನೆಯ ಕೊಂಡಿಗೆ. ಕೆಲವು ನೂರು ರೂಪಾಯಿಗೆ ಸಿಗುವ ಒಂದು ಮಲ್ಟಿಮೀಟರ್ ಮತ್ತು ಅರ್ಧ ಗಂಟೆಯ ತಾಳ್ಮೆ ಇದ್ದರೆ, ಯಾವ ಕೊಂಡಿ ಕೆಟ್ಟಿದೆ ಎಂಬುದನ್ನು ನೀವೇ ಕಂಡುಹಿಡಿಯಬಹುದು. ಪರದೆಯ ಮೇಲೆ ಬಂದುಹೋಗುವ ಅಂಕಿಗಳನ್ನು ಬರೆದುಕೊಳ್ಳುವುದು ಕಷ್ಟ. ಅದಕ್ಕಾಗಿ ಅವುಗಳನ್ನು ಇಲ್ಲಿ ಕ್ರಮವಾಗಿ ಕೊಟ್ಟಿದೆ. ಈ ಪುಟಗಳನ್ನು ತೆಗೆದಿಟ್ಟುಕೊಂಡು ದೋಣಿಯ ಬಳಿಗೆ ಒಯ್ಯಿರಿ.

ವಿದ್ಯುತ್ ಹುಟ್ಟುವುದು ಎಲ್ಲಿ?

ಎಂಜಿನ್ನಿನ ಮೇಲಿನ ಮುಚ್ಚಳ ತೆಗೆದರೆ ದುಂಡಗಿನ ಭಾರವಾದ ಚಕ್ರ ಕಾಣುತ್ತದೆ. ಅದೇ ಫ್ಲೈವೀಲ್. ಅದರ ಒಳಮೈಗೆ ಅಯಸ್ಕಾಂತಗಳನ್ನು ಅಂಟಿಸಿರುತ್ತಾರೆ. ಚಕ್ರದ ಕೆಳಗೆ, ಅಲುಗಾಡದಂತೆ ಕೂರಿಸಿದ ತಾಮ್ರದ ತಂತಿಯ ಸುರುಳಿಗಳಿವೆ. ಇವಕ್ಕೆ ಕಾಯಿಲ್ ಎನ್ನುತ್ತಾರೆ. ಅಯಸ್ಕಾಂತ ಸುರುಳಿಯ ಮುಂದೆ ಹಾದುಹೋದಾಗಲೆಲ್ಲ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಸೈಕಲ್ಲಿನ ಡೈನಮೋ ಕೆಲಸ ಮಾಡುವುದೂ ಹೀಗೆಯೇ.

ಹೀಗೆ ಹುಟ್ಟಿದ್ದು ಏ.ಸಿ. ವಿದ್ಯುತ್; ಅಂದರೆ ಹಿಂದಕ್ಕೂ ಮುಂದಕ್ಕೂ ಹರಿದಾಡುವಂಥದು. ಬ್ಯಾಟರಿಗೆ ಬೇಕಾದುದು ಒಂದೇ ದಿಕ್ಕಿನಲ್ಲಿ ಹರಿಯುವ ಡಿ.ಸಿ. ವಿದ್ಯುತ್. ಈ ಬದಲಾವಣೆ ಮಾಡುವ ಭಾಗ ರೆಕ್ಟಿಫೈಯರ್. ವೋಲ್ಟೇಜು ಮಿತಿಮೀರದಂತೆ ತಡೆಯುವುದು ರೆಗ್ಯುಲೇಟರ್. ಹಲವು ಎಂಜಿನ್‌ಗಳಲ್ಲಿ ಇವೆರಡೂ ಒಂದೇ ಅಲ್ಯೂಮಿನಿಯಂ ತುಂಡಿನಲ್ಲಿ ಕೂಡಿಕೊಂಡಿರುತ್ತವೆ. ಅಲ್ಲಿಂದ ಫ್ಯೂಸ್ ಮತ್ತು ತಂತಿಯ ಮೂಲಕ ವಿದ್ಯುತ್ ಬ್ಯಾಟರಿಯನ್ನು ಸೇರುತ್ತದೆ.

ಸರಪಳಿಯ ನಾಲ್ಕು ಕೊಂಡಿಗಳು ಇವು: ಮೊದಲನೆಯದು ಕಾಯಿಲ್, ಎರಡನೆಯದು ರೆಕ್ಟಿಫೈಯರ್ ಮತ್ತು ರೆಗ್ಯುಲೇಟರ್, ಮೂರನೆಯದು ತಂತಿ ಮತ್ತು ಫ್ಯೂಸ್, ನಾಲ್ಕನೆಯದು ಬ್ಯಾಟರಿ. ಇವುಗಳ ಜೊತೆಗೆ ಐದನೆಯ ಮಾತೂ ಒಂದಿದೆ. ಅದು ನೀವು ಖರ್ಚು ಮಾಡುವ ವಿದ್ಯುತ್ತಿನ ಲೆಕ್ಕ. ಅದಕ್ಕೆ ಕೊನೆಯಲ್ಲಿ ಬರೋಣ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಿಕೊಳ್ಳಬೇಕು. "ಎಂಜಿನ್ ಚೆನ್ನಾಗಿ ಓಡುತ್ತಿದೆ, ಹಾಗಾದರೆ ಚಾರ್ಜೂ ಆಗುತ್ತಿರಬೇಕು" ಎಂದು ಹಲವರು ಭಾವಿಸುತ್ತಾರೆ. ಹಗ್ಗ ಎಳೆದು ಚಾಲೂ ಮಾಡುವ ಸಣ್ಣ ಎಂಜಿನ್‌ಗಳಲ್ಲಿ ಸ್ಪಾರ್ಕ್ ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಬೇರೆ, ಬ್ಯಾಟರಿಗೆ ವಿದ್ಯುತ್ ಕೊಡುವ ಕಾಯಿಲ್ ಬೇರೆ. ಎರಡನೆಯದು ಸುಟ್ಟುಹೋಗಿದ್ದರೂ ಎಂಜಿನ್ ಎಂದಿನಂತೆ ಓಡುತ್ತಲೇ ಇರುತ್ತದೆ. ಬ್ಯಾಟರಿ ಪೂರ್ತಿ ಇಳಿಯುವವರೆಗೆ ಯಾರ ಗಮನಕ್ಕೂ ಬರುವುದಿಲ್ಲ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ

ನಿಮ್ಮ ಎಂಜಿನ್ನಿಗೆ ಬ್ಯಾಟರಿ ಚಾರ್ಜ್ ಮಾಡುವ ಸಾಮರ್ಥ್ಯ ಇದೆಯೇ? ಇದು ವಿಚಿತ್ರ ಪ್ರಶ್ನೆಯಂತೆ ಕಂಡರೂ ಕೇಳಲೇಬೇಕು. ಕೆಲವು ಸಣ್ಣ ಎಂಜಿನ್‌ಗಳಲ್ಲಿ ಚಾರ್ಜಿಂಗ್ ಕಾಯಿಲ್ ಇರುವುದೇ ಇಲ್ಲ. ಇನ್ನು ಕೆಲವುಗಳಲ್ಲಿ ಕಾಯಿಲ್ ಇರುತ್ತದೆ, ರೆಕ್ಟಿಫೈಯರ್ ಇರುವುದಿಲ್ಲ. ಅದನ್ನು ಬೇರೆಯಾಗಿ ಕೊಂಡು ಜೋಡಿಸಬೇಕು. ಅಂಥ ಎಂಜಿನ್ನಿನಿಂದ ಹೊರಬರುವ ಏ.ಸಿ. ವಿದ್ಯುತ್ತನ್ನು ನೇರವಾಗಿ ಬ್ಯಾಟರಿಗೆ ಜೋಡಿಸಿದರೆ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಕಾಯಿಲ್ ಮಾತ್ರ ಬಿಸಿಯಾಗುತ್ತದೆ. ಎಂಜಿನ್ನಿನ ಜೊತೆ ಬಂದ ಪುಸ್ತಕದಲ್ಲಿ ಎಷ್ಟು ಆಂಪಿಯರ್ ಅಥವಾ ಎಷ್ಟು ವ್ಯಾಟ್ ಎಂದು ಬರೆದಿರುತ್ತದೆ. ಚಾರ್ಜಿಂಗ್ ವ್ಯವಸ್ಥೆಯಿರುವ ಸಣ್ಣ ಎಂಜಿನ್‌ಗಳಲ್ಲಿ ಇದು ಸಾಧಾರಣವಾಗಿ 5ರಿಂದ 6 ಆಂಪಿಯರ್ ಇರುತ್ತದೆ. ಅದೂ ಎಂಜಿನ್ ವೇಗವಾಗಿ ಓಡುವಾಗ ಮಾತ್ರ. ನಿಧಾನಗತಿಯಲ್ಲಿ ಬರುವುದು ತೀರ ಕಡಿಮೆ. ಈ ಅಂಕಿಯನ್ನು ಹುಡುಕಿ ಬರೆದಿಟ್ಟುಕೊಳ್ಳಿ.

ಕೈ ಹಾಕುವ ಮುನ್ನ

ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಬಿಡುತ್ತದೆ. ಒಂದು ಕಿಡಿ ಸಾಕು, ಅದು ಸಿಡಿಯುತ್ತದೆ. ದೋಣಿಯಲ್ಲಿ ಪೆಟ್ರೋಲು, ಸೀಮೆಎಣ್ಣೆ ಬೇರೆ ಇರುತ್ತವೆ. ಆದುದರಿಂದ ಬೀಡಿ, ಸಿಗರೇಟು ದೂರವಿರಲಿ. "ಕಿಡಿ ಬರುತ್ತದೆಯೇ ನೋಡೋಣ" ಎಂದು ತಂತಿಯನ್ನು ತಂತಿಗೆ ತಾಗಿಸುವ ಪರೀಕ್ಷೆ ಬೇಡವೇ ಬೇಡ. ಅದರಿಂದ ಬೆಂಕಿಯ ಭಯವೂ ಉಂಟು, ರೆಕ್ಟಿಫೈಯರ್ ಸುಡುವ ಭಯವೂ ಉಂಟು.

ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿಯನ್ನು ಕಳಚಬಾರದು; ಬ್ಯಾಟರಿ ಸ್ವಿಚ್ಚನ್ನು ಆರಿಸಲೂಬಾರದು. ಹರಿಯುತ್ತಿದ್ದ ವಿದ್ಯುತ್ತಿಗೆ ಹೋಗಲು ಜಾಗವಿಲ್ಲದೆ ವೋಲ್ಟೇಜು ಒಮ್ಮೆಲೇ ಏರಿ ರೆಗ್ಯುಲೇಟರನ್ನು ಸುಡಬಹುದು. ಅದೇ ರೀತಿ, ಪಾಸಿಟಿವ್ ನೆಗೆಟಿವ್ ತಂತಿಗಳನ್ನು ಅದಲು ಬದಲಾಗಿ ಜೋಡಿಸಿದರೆ ಕ್ಷಣಮಾತ್ರದಲ್ಲಿ ರೆಕ್ಟಿಫೈಯರ್ ಕೆಡುತ್ತದೆ. ಕಳಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ. ಇದನ್ನು ರೂಢಿ ಮಾಡಿಕೊಳ್ಳಿ.

ಎಂಜಿನ್ ಓಡಿಸಿ ನೋಡುವ ಪರೀಕ್ಷೆಗಳನ್ನು ದೋಣಿ ನೀರಿನಲ್ಲಿರುವಾಗ, ದಕ್ಕೆಗೆ ಗಟ್ಟಿಯಾಗಿ ಕಟ್ಟಿಕೊಂಡು ಮಾಡಿ. ದಡದ ಮೇಲೆ ನೀರಿಲ್ಲದೆ ಓಡಿಸಿದರೆ ಎಂಜಿನ್ನನ್ನು ತಂಪು ಮಾಡುವ ಪಂಪಿನ ರಬ್ಬರ್ ರೆಕ್ಕೆಗಳು ಕೆಲವೇ ಕ್ಷಣಗಳಲ್ಲಿ ಹಾಳಾಗುತ್ತವೆ. ಗೇರು ನ್ಯೂಟ್ರಲ್‌ನಲ್ಲಿರಲಿ. ಮುಚ್ಚಳ ತೆಗೆದಿರುವಾಗ ತಿರುಗುವ ಚಕ್ರದ ಬಳಿ ಲುಂಗಿಯ ತುದಿ, ಟವೆಲು, ಕೂದಲು ಹೋಗದಂತೆ ನೋಡಿಕೊಳ್ಳಿ.

ಮೊದಲ ಪರೀಕ್ಷೆ: ಎಂಜಿನ್ ನಿಂತಿರುವಾಗ

ಮೀಟರನ್ನು ಡಿ.ಸಿ. 20 ವೋಲ್ಟಿನ ಸ್ಥಾನಕ್ಕೆ ತಿರುಗಿಸಿ. ಕೆಂಪು ಮುಳ್ಳು ಪಾಸಿಟಿವ್ ಕಂಬಕ್ಕೆ, ಕಪ್ಪು ಮುಳ್ಳು ನೆಗೆಟಿವ್ ಕಂಬಕ್ಕೆ. ಬ್ಯಾಟರಿಯ ಕಂಬಕ್ಕೇ ತಾಗಿಸಬೇಕು, ಅದರ ಮೇಲಿನ ಕ್ಲಾಂಪಿಗಲ್ಲ. ಎಂಜಿನ್ ನಿಲ್ಲಿಸಿ, ದೀಪ ಮೊದಲಾದುವನ್ನು ಆರಿಸಿ, ಕನಿಷ್ಠ ಮೂರು ನಾಲ್ಕು ಗಂಟೆ ಕಳೆದ ಮೇಲೆ ನೋಡಿದರೆ ಸರಿಯಾದ ಅಂಕಿ ಸಿಗುತ್ತದೆ.

ಸೀಸ ಮತ್ತು ಆಮ್ಲದ ಸಾಮಾನ್ಯ ಬ್ಯಾಟರಿಯಲ್ಲಿ 12.6 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಬ್ಯಾಟರಿ ತುಂಬಿದೆ. 12.4 ಇದ್ದರೆ ಸುಮಾರು ಮುಕ್ಕಾಲು. 12.2 ಇದ್ದರೆ ಅರ್ಧ. 12.0 ಇದ್ದರೆ ಕಾಲು ಭಾಗ. 11.8ರ ಹತ್ತಿರ ಬಂದರೆ ಖಾಲಿ. 12.6 ಮತ್ತು 12.0ರ ನಡುವಿನ ಅಂತರ ನೋಡಲು ಎಷ್ಟು ಚಿಕ್ಕದು! ಆದರೆ ತುಂಬಿದ ಬ್ಯಾಟರಿಗೂ ಹೆಚ್ಚುಕಡಿಮೆ ಖಾಲಿಯಾದ ಬ್ಯಾಟರಿಗೂ ಇರುವ ವ್ಯತ್ಯಾಸ ಅಷ್ಟರಲ್ಲೇ ಅಡಗಿದೆ. "12 ವೋಲ್ಟ್ ಇದೆಯಲ್ಲ, ಸಾಕು" ಎಂದುಕೊಳ್ಳುವವರು ಮೋಸ ಹೋಗುವುದು ಇಲ್ಲಿಯೇ.

10.5ರ ಆಸುಪಾಸಿನಲ್ಲಿ ನಿಂತು, ಎಷ್ಟು ಚಾರ್ಜ್ ಮಾಡಿದರೂ ಮೇಲೇರದಿದ್ದರೆ ಆರು ಕೋಶಗಳಲ್ಲಿ ಒಂದು ಸತ್ತಿರುವ ಸಂಭವವಿದೆ. ಒಂದೊಂದು ಕೋಶ ಕೊಡುವುದು ಸುಮಾರು 2.1 ವೋಲ್ಟ್. ಅಂಥ ಬ್ಯಾಟರಿಯನ್ನು ಬದಲಿಸುವುದೇ ದಾರಿ.

ಎರಡನೆಯ ಪರೀಕ್ಷೆ: ಎಂಜಿನ್ ಓಡುವಾಗ

ಈಗ ಎಂಜಿನ್ ಚಾಲೂ ಮಾಡಿ. ಮೀಟರಿನ ಮುಳ್ಳುಗಳನ್ನು ಬ್ಯಾಟರಿಯ ಕಂಬಗಳ ಮೇಲೆ ಅಲ್ಲಿಯೇ ಹಿಡಿದಿರಿ. ಮೊದಲು ನಿಧಾನಗತಿಯಲ್ಲಿ ನೋಡಿ, ಆಮೇಲೆ ವೇಗವನ್ನು ನಿಮಿಷಕ್ಕೆ ಸುಮಾರು 2000 ಸುತ್ತಿಗೆ ಏರಿಸಿ ನೋಡಿ. ಸಿಗುವ ಉತ್ತರ ಮೂರು ಬಗೆಯದಾಗಿರಬಹುದು.

ಒಂದು: ಅಂಕಿ ಮೆಲ್ಲನೆ ಏರಿ 13.5ರಿಂದ 14.5ರ ನಡುವೆ ನಿಲ್ಲುತ್ತದೆ. ಹಾಗಾದರೆ ಚಾರ್ಜ್ ಆಗುತ್ತಿದೆ. ಎಂಜಿನ್ನಿನಲ್ಲಿಯೂ ತಂತಿಯಲ್ಲಿಯೂ ದೊಡ್ಡ ದೋಷವಿಲ್ಲ. ಬ್ಯಾಟರಿ ಹಳೆಯದಾಗಿರಬಹುದು, ಇಲ್ಲವೆ ಖರ್ಚು ಹೆಚ್ಚಾಗಿರಬಹುದು.

ಎರಡು: ಎಂಜಿನ್ ನಿಂತಿದ್ದಾಗ ಇದ್ದ ಅಂಕಿಯೇ ಇದೆ ಅಥವಾ ಇನ್ನೂ ಇಳಿಯುತ್ತಿದೆ. ಹಾಗಾದರೆ ಬ್ಯಾಟರಿಗೆ ಏನೂ ಬರುತ್ತಿಲ್ಲ. ತಪ್ಪು ಮೊದಲ ಮೂರು ಕೊಂಡಿಗಳಲ್ಲಿ ಎಲ್ಲೋ ಇದೆ.

ಮೂರು: ಅಂಕಿ 15ನ್ನು ದಾಟುತ್ತದೆ. ಹಾಗಾದರೆ ರೆಗ್ಯುಲೇಟರ್ ಕೆಟ್ಟಿದೆ, ಇಲ್ಲವೆ ನಿಮ್ಮ ಎಂಜಿನ್ನಿಗೆ ರೆಗ್ಯುಲೇಟರೇ ಇಲ್ಲ. ಬ್ಯಾಟರಿಯ ನೀರು ಕುದಿದಂತಾಗಿ ಬೇಗ ಬೇಗ ಆರುತ್ತದೆ. ಮುಚ್ಚಿದ ಬಗೆಯ, ನೀರು ಹಾಕಲಾಗದ ಬ್ಯಾಟರಿ ಹೀಗೆ ಬಹಳ ದಿನ ಬಾಳುವುದಿಲ್ಲ. ರೇಡಿಯೋ, ಜಿ.ಪಿ.ಎಸ್.ಗಳಿಗೂ ಇದು ಅಪಾಯ.

ಒಂದು ಎಚ್ಚರಿಕೆ. ಬ್ಯಾಟರಿ ತೀರ ಇಳಿದಿದ್ದರೆ, 5 ಆಂಪಿಯರಿನ ಸಣ್ಣ ಕಾಯಿಲ್ ಎಷ್ಟು ಕೊಟ್ಟರೂ ಅಂಕಿ ಕೂಡಲೇ 14ಕ್ಕೆ ಏರುವುದಿಲ್ಲ. 12.8 ಅಥವಾ 13ರಲ್ಲಿಯೇ ಬಹಳ ಹೊತ್ತು ನಿಲ್ಲಬಹುದು. ಇದನ್ನು ದೋಷವೆಂದು ತಿಳಿಯಬೇಡಿ. ಹದಿನೈದು ಇಪ್ಪತ್ತು ನಿಮಿಷ ಕಾದು, ಅಂಕಿ ಮೇಲಕ್ಕೆ ಹೋಗುತ್ತಿದೆಯೇ ಎಂದು ನೋಡಿ. ಸಾಧ್ಯವಿದ್ದರೆ ಬ್ಯಾಟರಿಯನ್ನು ದಡದಲ್ಲಿ ಪೂರ್ತಿ ಚಾರ್ಜ್ ಮಾಡಿಸಿ ತಂದು ಪರೀಕ್ಷಿಸಿದರೆ ಸಂದೇಹಕ್ಕೆ ಎಡೆ ಇರುವುದಿಲ್ಲ.

ಮೂರನೆಯ ಪರೀಕ್ಷೆ: ಎಂಜಿನ್ನಿನ ಬಳಿ ಎಷ್ಟು, ಬ್ಯಾಟರಿಯ ಬಳಿ ಎಷ್ಟು?

ಎರಡನೆಯ ಉತ್ತರ ಬಂದಿದ್ದರೆ ಮುಂದಿನ ಹೆಜ್ಜೆ ಇದು. ಎಂಜಿನ್ ಅದೇ ವೇಗದಲ್ಲಿ ಓಡುತ್ತಿರಲಿ. ಈ ಸಲ ಎಂಜಿನ್ನಿನಿಂದ ಚಾರ್ಜಿಂಗ್ ತಂತಿ ಹೊರಡುವ ಜಾಗದಲ್ಲಿ, ಅಂದರೆ ರೆಕ್ಟಿಫೈಯರಿನ ಹೊರಬಾಯಿಯಲ್ಲಿ, ವೋಲ್ಟೇಜು ನೋಡಿ. ಅಲ್ಲಿ 14.2 ಇದ್ದು ಬ್ಯಾಟರಿಯ ಕಂಬದಲ್ಲಿ 12.5 ಮಾತ್ರ ಇದ್ದರೆ, ಕಳ್ಳ ನಡುದಾರಿಯಲ್ಲಿದ್ದಾನೆ. ಎರಡೂ ಕಡೆ 12.5 ಇದ್ದರೆ ತಪ್ಪು ಎಂಜಿನ್ನಿನ ಒಳಗಿದೆ.

ಉಪ್ಪುನೀರಿನಲ್ಲಿ ದುಡಿಯುವ ದೋಣಿಗಳಲ್ಲಿ ಮೊದಲು ಸಂಶಯಪಡಬೇಕಾದುದು ನಡುದಾರಿಯನ್ನೇ. ತಾಮ್ರಕ್ಕೆ ಉಪ್ಪು ತಗಲಿದರೆ ಹಸಿರು ಕಿಲುಬು ಕಟ್ಟುತ್ತದೆ. ಕಿಲುಬಿನ ಮೂಲಕ ವಿದ್ಯುತ್ ಸರಿಯಾಗಿ ಹರಿಯದು. ಹೊರಗಿನಿಂದ ತಂತಿ ಹೊಸದರಂತೆ ಹೊಳೆಯುತ್ತಿದ್ದರೂ ಪ್ಲಾಸ್ಟಿಕ್ಕಿನ ಒಳಗೆ ಅಂಗೈ ಉದ್ದದಷ್ಟು ತಾಮ್ರ ಕಪ್ಪಾಗಿರುತ್ತದೆ. ಇನ್ಸುಲೇಷನ್ ಟೇಪು ಸುತ್ತಿ ಮಾಡಿದ ಜೋಡಣೆಗಳು ಎಲ್ಲಕ್ಕಿಂತ ಕೆಟ್ಟವು. ಟೇಪು ನೀರನ್ನು ತಡೆಯುವುದಿಲ್ಲ, ಒಳಗೆ ಹೊಕ್ಕ ನೀರು ಆರದಂತೆ ಹಿಡಿದಿಡುತ್ತದೆ.

ಹುಡುಕಬೇಕಾದ ಜಾಗಗಳು ಇವು: ಬ್ಯಾಟರಿಯ ಎರಡು ಕ್ಲಾಂಪುಗಳು, ಫ್ಯೂಸಿನ ಕಾಲುಗಳು ಕೂರುವ ಜಾಗ, ಎಂಜಿನ್ನಿನ ಮೈಗೆ ನೆಗೆಟಿವ್ ತಂತಿ ಬಿಗಿಯಾಗುವ ಬೋಲ್ಟು, ಮುಚ್ಚಳದ ಕೆಳಗಿನ ಪ್ಲಗ್ಗುಗಳು, ಬ್ಯಾಟರಿ ಸ್ವಿಚ್ಚಿನ ಹಿಂಬದಿ. ಫ್ಯೂಸಿನ ಒಳಗಿನ ತಂತಿ ಉಳಿದಿದ್ದರೂ ಕಾಲುಗಳಿಗೆ ಕಿಲುಬು ಹಿಡಿದಿದ್ದರೆ ಅದು ಇದ್ದೂ ಇಲ್ಲದಂತೆ. ಬರಿಯ ಕಣ್ಣಿಗೆ ತಿಳಿಯದಿದ್ದರೆ ಮೀಟರ್ ಹೇಳುತ್ತದೆ. ಎಂಜಿನ್ ಓಡುತ್ತಿರುವಾಗ ಮೀಟರಿನ ಒಂದು ಮುಳ್ಳನ್ನು ಎಂಜಿನ್ನಿನ ಪಾಸಿಟಿವ್ ತುದಿಗೂ ಇನ್ನೊಂದನ್ನು ಬ್ಯಾಟರಿಯ ಪಾಸಿಟಿವ್ ಕಂಬಕ್ಕೂ ತಾಗಿಸಿ. ಅಲ್ಲಿ ಕಾಣುವುದೇ ಆ ತಂತಿಯಲ್ಲಿ ಸೋರಿಹೋಗುವ ವೋಲ್ಟೇಜು. 0.2ರ ಒಳಗಿದ್ದರೆ ಚಿಂತೆಯಿಲ್ಲ. ಅರ್ಧ ವೋಲ್ಟಿನಷ್ಟಿದ್ದರೆ ತುಂಡು ತುಂಡಾಗಿ ಹಿಡಿದು ನೋಡುತ್ತಾ ಬನ್ನಿ; ಯಾವ ಜೋಡಣೆಯಲ್ಲಿ ಅಂಕಿ ಹಾರುತ್ತದೋ ಅಲ್ಲಿದೆ ರೋಗ. ನೆಗೆಟಿವ್ ಬದಿಗೂ ಹೀಗೆಯೇ ಮಾಡಬೇಕು. ಹಲವರು ಅದನ್ನು ಮರೆಯುತ್ತಾರೆ.

ತಂತಿಯ ದಪ್ಪವೂ ಮುಖ್ಯ. ಎಂಜಿನ್ ಹಿಂಭಾಗದಲ್ಲಿದ್ದು ಬ್ಯಾಟರಿ 5 ಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ಹೋಗಿ ಬರುವ ದಾರಿ 10 ಮೀಟರ್. ಮನೆಯ ದೀಪಕ್ಕೆ ಎಳೆಯುವ 1 ಚದರ ಮಿಲಿಮೀಟರಿನ ತಂತಿ ಹಾಕಿದರೆ 5 ಆಂಪಿಯರ್ ಹರಿಯುವಾಗ ಸುಮಾರು 0.9 ವೋಲ್ಟ್ ದಾರಿಯಲ್ಲೇ ಕರಗುತ್ತದೆ. ಎಂಜಿನ್ 14.2 ಕೊಟ್ಟರೂ ಬ್ಯಾಟರಿಗೆ ಮುಟ್ಟುವುದು 13.3. ಅಷ್ಟರಿಂದ ಬ್ಯಾಟರಿ ಬೇಗ ಪೂರ್ತಿ ತುಂಬಲಾರದು. 4 ಚದರ ಮಿಲಿಮೀಟರಿನ ತಂತಿಯಾದರೆ ನಷ್ಟ ಕಾಲು ವೋಲ್ಟಿನ ಒಳಗೆ ಉಳಿಯುತ್ತದೆ. ಸಿಕ್ಕಿದರೆ ತವರ ಲೇಪಿಸಿದ ತಾಮ್ರದ ತಂತಿಯನ್ನೇ ತನ್ನಿ. ಅದಕ್ಕೆ ಕಿಲುಬು ಬೇಗ ಹಿಡಿಯುವುದಿಲ್ಲ. ಸೆಲ್ಫ್ ಸ್ಟಾರ್ಟ್ ಇರುವ ಎಂಜಿನ್‌ಗಳಿಗೆ ಇದಕ್ಕಿಂತ ಬಹಳ ದಪ್ಪನೆಯ ಕೇಬಲ್ ಬೇಕು. ಅದರ ಅಳತೆಗೆ ಎಂಜಿನ್ನಿನ ಪುಸ್ತಕವನ್ನೇ ನೋಡಬೇಕು.

ನಾಲ್ಕನೆಯ ಪರೀಕ್ಷೆ: ಕಾಯಿಲ್ ಮತ್ತು ರೆಗ್ಯುಲೇಟರ್

ತಂತಿಗಳೆಲ್ಲ ಸರಿಯಾಗಿದ್ದು ಎಂಜಿನ್ನಿನ ಬಳಿಯಲ್ಲೇ ವೋಲ್ಟೇಜು ಏರದಿದ್ದರೆ ಕಾಯಿಲ್ ಮತ್ತು ರೆಗ್ಯುಲೇಟರ್ ಎರಡರಲ್ಲಿ ಯಾವುದು ಎಂದು ತಿಳಿಯಬೇಕು. ಎಂಜಿನ್ ನಿಲ್ಲಿಸಿ, ಕಾಯಿಲಿನಿಂದ ರೆಕ್ಟಿಫೈಯರಿಗೆ ಹೋಗುವ ಪ್ಲಗ್ಗನ್ನು ಬಿಡಿಸಿ. ಅಲ್ಲಿ ಎರಡು ಅಥವಾ ಮೂರು ತಂತಿಗಳು ಒಂದೇ ಬಣ್ಣದವಾಗಿರುವುದು ಸಾಮಾನ್ಯ. ಮೀಟರನ್ನು ಓಮ್ ಸ್ಥಾನಕ್ಕೆ ತಿರುಗಿಸಿ ಎರಡೆರಡು ತಂತಿಗಳ ನಡುವೆ ನೋಡಿ. ಚಿಕ್ಕದೊಂದು ಅಂಕಿ, ಎಂದರೆ ಒಂದು ಓಮಿಗಿಂತ ಕಡಿಮೆಯೋ ಸ್ವಲ್ಪ ಹೆಚ್ಚೋ, ಬರಬೇಕು. ಮೂರು ತಂತಿಗಳಿದ್ದರೆ ಮೂರು ಜೋಡಿಗಳಲ್ಲೂ ಒಂದೇ ಅಂಕಿ ಬರಬೇಕು. ಏನೂ ಬರದಿದ್ದರೆ ಸುರುಳಿ ಎಲ್ಲೋ ತುಂಡಾಗಿದೆ. ಕೆಲವು ಎಂಜಿನ್‌ಗಳಲ್ಲಿ ಕಾಯಿಲಿನ ಒಂದು ತುದಿಯನ್ನು ಎಂಜಿನ್ನಿನ ಮೈಗೇ ಜೋಡಿಸಿರುತ್ತಾರೆ. ಹಾಗಿಲ್ಲದ ಎಂಜಿನ್‌ಗಳಲ್ಲಿ ಕಾಯಿಲ್ ತಂತಿಗೂ ಎಂಜಿನ್ನಿನ ಮೈಗೂ ಸಂಪರ್ಕ ಕಂಡುಬಂದರೆ ಕಾಯಿಲ್ ಸುಟ್ಟಿದೆ ಎಂದರ್ಥ.

ಇನ್ನೂ ಖಚಿತವಾಗಬೇಕಾದರೆ ಮೀಟರನ್ನು ಏ.ಸಿ. ವೋಲ್ಟಿಗೆ, ದೊಡ್ಡ ಅಳತೆಗೆ ಇಟ್ಟು, ಪ್ಲಗ್ಗು ಬಿಡಿಸಿದಂತೆಯೇ ಎಂಜಿನ್ ಓಡಿಸಿ ಎರಡು ತಂತಿಗಳ ನಡುವೆ ನೋಡಿ. ವೇಗ ಏರಿದಂತೆ ವೋಲ್ಟೇಜೂ ಏರಬೇಕು. ಇಲ್ಲಿ ಬರಿಗೈ ತಾಗಿಸಬೇಡಿ. ಬಿಡಿಸಿದ ತುದಿಯಲ್ಲಿ 12 ವೋಲ್ಟಿಗಿಂತ ಬಹಳ ಹೆಚ್ಚು ಬರಬಹುದು. ಕಾಯಿಲ್ ಕೊಡುತ್ತಿದ್ದು ರೆಗ್ಯುಲೇಟರಿನ ಆಚೆ ಏನೂ ಬರದಿದ್ದರೆ ರೆಗ್ಯುಲೇಟರನ್ನು ಬದಲಿಸಬೇಕು. ಅದನ್ನು ರಿಪೇರಿ ಮಾಡಲಾಗದು. ಆದರೆ ಹೊಸದನ್ನು ಹಾಕುವ ಮುನ್ನ ಹಳೆಯದು ಏಕೆ ಸುಟ್ಟಿತೆಂದು ಕೇಳಿಕೊಳ್ಳಿ. ಸಡಿಲವಾದ ಬ್ಯಾಟರಿ ಕ್ಲಾಂಪು, ತಿರುವು ಮುರುವಾದ ಜೋಡಣೆ, ಓಡುವಾಗ ಆರಿಸಿದ ಸ್ವಿಚ್ಚು ಇವುಗಳಲ್ಲಿ ಒಂದು ಕಾರಣವಾಗಿದ್ದರೆ ಹೊಸದೂ ಸುಡುತ್ತದೆ. ಫ್ಲೈವೀಲ್ ಬಿಚ್ಚಿ ಕಾಯಿಲ್ ಬದಲಿಸುವ ಕೆಲಸವನ್ನು ಮಾತ್ರ ಅನುಭವಿ ಮೆಕ್ಯಾನಿಕ್ಕಿಗೆ ಬಿಡುವುದು ಒಳ್ಳೆಯದು. ನೀವು ಮಾಡಿದ ಪರೀಕ್ಷೆಯ ಅಂಕಿಗಳನ್ನು ಅವರಿಗೆ ಕೊಟ್ಟರೆ ಅವರ ಸಮಯವೂ ನಿಮ್ಮ ಹಣವೂ ಉಳಿಯುತ್ತದೆ.

ಈಗ ಬ್ಯಾಟರಿಯ ಸರದಿ

ಮುಚ್ಚಳ ತೆರೆಯಲು ಬರುವ ಬ್ಯಾಟರಿಯಾದರೆ ಹೈಡ್ರೋಮೀಟರಿನಿಂದ ಆರು ಕೋಶಗಳನ್ನೂ ನೋಡಿ. ಪೂರ್ತಿ ಚಾರ್ಜಾದ ಬ್ಯಾಟರಿಯಲ್ಲಿ ಆಮ್ಲದ ಸಾಂದ್ರತೆ 1.240ರಿಂದ 1.260ರ ಸುಮಾರಿಗೆ ಇರುತ್ತದೆ; ಸರಿಯಾದ ಅಂಕಿಯನ್ನು ಬ್ಯಾಟರಿಯ ಮೇಲೆ ಅಥವಾ ಅದರ ಕಾರ್ಡಿನಲ್ಲಿ ಕೊಟ್ಟಿರುತ್ತಾರೆ. ಐದು ಕೋಶಗಳು ಒಂದೇ ಬಗೆಯಾಗಿದ್ದು ಒಂದು ಮಾತ್ರ 0.050ರಷ್ಟು ಕೆಳಗಿದ್ದರೆ ಆ ಕೋಶ ಕೆಟ್ಟಿದೆ. ನೀರು ಕಡಿಮೆಯಾಗಿದ್ದರೆ ಡಿಸ್ಟಿಲ್ಡ್ ವಾಟರನ್ನೇ ಹಾಕಬೇಕು. ಬಾವಿಯ ನೀರಿನಲ್ಲಿ ಲವಣಗಳಿರುತ್ತವೆ, ಅದು ಬೇಡ. ಆಮ್ಲವನ್ನೂ ಸೇರಿಸಬೇಡಿ. ಕಡಲ ನೀರು ಒಳಗೆ ಹೋದರಂತೂ ಕ್ಲೋರಿನ್ ಎಂಬ ವಿಷಾನಿಲ ಹೊರಡುತ್ತದೆ. ಅಂಥ ಬ್ಯಾಟರಿಯ ಬಳಿ ಮುಖ ಒಯ್ಯಬೇಡಿ.

ಸಾಮರ್ಥ್ಯ ಎಷ್ಟು ಉಳಿದಿದೆ ಎಂದು ತಿಳಿಯಲು ಸುಲಭವಾದ ಉಪಾಯವಿದೆ. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ಒಂದು ರಾತ್ರಿ ಬಿಡಿ. ಆಮೇಲೆ 55 ವ್ಯಾಟಿನ ಕಾರಿನ ಹೆಡ್‌ಲೈಟ್ ಬಲ್ಬನ್ನು ಅದಕ್ಕೆ ಜೋಡಿಸಿ ಐದು ಗಂಟೆ ಉರಿಸಿ. ಬಲ್ಬು ಸುಮಾರು 23 ಆಂಪಿಯರ್-ಗಂಟೆ ವಿದ್ಯುತ್ ತಿನ್ನುತ್ತದೆ. 70 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಇದು ಮೂರನೆಯ ಒಂದು ಭಾಗ. ಬಲ್ಬು ತೆಗೆದು ಮೂರು ಗಂಟೆ ಬಿಟ್ಟು ಅಳೆದಾಗ 12.3ರ ಮೇಲಿದ್ದರೆ ಬ್ಯಾಟರಿ ಆರೋಗ್ಯವಾಗಿದೆ. 12.0ಕ್ಕಿಂತ ಕೆಳಗಿದ್ದರೆ ಅದು ಅರ್ಧ ಸಾಮರ್ಥ್ಯವನ್ನು ಕಳೆದುಕೊಂಡಿದೆ ಎಂದೇ ತಿಳಿಯಿರಿ.

ಕೊಳ್ಳುವಾಗಲೂ ಒಂದು ಮಾತು ನೆನಪಿರಲಿ. ಕಾರಿನ ಬ್ಯಾಟರಿ ಇರುವುದು ಎಂಜಿನ್ ಚಾಲೂ ಮಾಡಲು ಕ್ಷಣಕಾಲ ಹೆಚ್ಚು ವಿದ್ಯುತ್ ಕೊಡುವುದಕ್ಕೆ. ಅದರ ತಟ್ಟೆಗಳು ತೆಳು. ರಾತ್ರಿಯಿಡೀ ದೀಪ ಉರಿಸಿ ಬರಿದು ಮಾಡಿದರೆ ಬೇಗ ಸಾಯುತ್ತದೆ. ದೀಪ, ರೇಡಿಯೋಗಳಿಗೆ ಆಳವಾಗಿ ಬಳಸಲು ಬರುವ ಡೀಪ್ ಸೈಕಲ್ ಬಗೆಯೇ ತಕ್ಕದ್ದು. ಲಿಥಿಯಂ ಬ್ಯಾಟರಿ ಹಗುರ, ನಿಜ. ಆದರೆ ಹಳೆಯ ಎಂಜಿನ್ನಿನ ಕಾಯಿಲಿಗೆ ಅದನ್ನು ನೇರವಾಗಿ ಜೋಡಿಸಬಾರದು. ಅದರೊಳಗಿನ ರಕ್ಷಣಾ ವ್ಯವಸ್ಥೆ ಒಮ್ಮೆಲೇ ಸಂಪರ್ಕ ಕಡಿದಾಗ, ಓಡುವ ಎಂಜಿನ್ನಿನಿಂದ ತಂತಿ ಕಳಚಿದಂತೆಯೇ ಆಗುತ್ತದೆ.

ಯಾವುದೂ ಕೆಟ್ಟಿಲ್ಲ, ಆದರೂ ಬ್ಯಾಟರಿ ಇಳಿಯುತ್ತದೆ!

ಎಲ್ಲ ಪರೀಕ್ಷೆಗಳಲ್ಲೂ ಎಲ್ಲವೂ ಸರಿ ಎಂದು ಬಂದರೆ ಆಶ್ಚರ್ಯಪಡಬೇಡಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಬ್ಯಾಟರಿಗೂ ಸಲ್ಲುತ್ತದೆ. ಒಂದು ಲೆಕ್ಕ ಹಾಕಿ ನೋಡೋಣ.

ರಾತ್ರಿ 8 ಗಂಟೆಗಳ ಮೀನುಗಾರಿಕೆ. 10 ವ್ಯಾಟಿನ ಹಳೆಯ ಬಗೆಯ ಎರಡು ಬಲ್ಬುಗಳಿಗೆ ಸುಮಾರು 13 ಆಂಪಿಯರ್-ಗಂಟೆ. ಜಿ.ಪಿ.ಎಸ್. ಮತ್ತು ಫಿಶ್ ಫೈಂಡರಿಗೆ ಗಂಟೆಗೆ 1ರಂತೆ 8. ರೇಡಿಯೋ ಕೇಳುತ್ತಾ ಕೂರಲು 4, ನಡುನಡುವೆ ಮಾತನಾಡಲು 1. ಒಟ್ಟು 26. ಎಂಜಿನ್ ಓಡುವುದು ಹೋಗಿ ಬರಲು, ಬಲೆಯ ಬಳಿ ತಿರುಗಲು ಸೇರಿ 3 ಗಂಟೆ. 5 ಆಂಪಿಯರಿನ ಕಾಯಿಲ್ ಪೂರ್ತಿ ಕೊಟ್ಟರೂ 15. ಚಾರ್ಜ್ ಆಗುವಾಗಿನ ನಷ್ಟ ಕಳೆದರೆ ಬ್ಯಾಟರಿಯಲ್ಲಿ ಉಳಿಯುವುದು 12 ಅಥವಾ 13. ಎಂದರೆ ಪ್ರತಿ ರಾತ್ರಿಯೂ 13ರಷ್ಟು ಸಾಲ. 70ರ ಬ್ಯಾಟರಿ ಮೂರನೆಯ ರಾತ್ರಿಗೆ ಅರ್ಧಕ್ಕಿಂತ ಕೆಳಗಿಳಿದಿರುತ್ತದೆ. ಇಲ್ಲಿ ಎಂಜಿನ್ನಿನದೂ ತಪ್ಪಿಲ್ಲ, ಬ್ಯಾಟರಿಯದೂ ತಪ್ಪಿಲ್ಲ. ಆದಾಯಕ್ಕಿಂತ ವೆಚ್ಚ ಹೆಚ್ಚು, ಅಷ್ಟೆ.

ಇದಕ್ಕೆ ಪರಿಹಾರ ಸುಲಭ. ಎರಡು ಬಲ್ಬುಗಳ ಬದಲು 3 ವ್ಯಾಟಿನ ಎರಡು ಎಲ್.ಇ.ಡಿ. ದೀಪಗಳನ್ನು ಹಾಕಿದರೆ 13 ಇದ್ದದ್ದು 4ಕ್ಕೆ ಇಳಿಯುತ್ತದೆ; ಒಟ್ಟು ಖರ್ಚು 17. ಉಳಿದ ನಾಲ್ಕೈದು ಆಂಪಿಯರ್-ಗಂಟೆಯ ಕೊರತೆಯನ್ನು ಒಳ್ಳೆಯ ಬಿಸಿಲಿನ ದಿನಗಳಲ್ಲಿ 20 ವ್ಯಾಟಿನ ಸೌರ ಫಲಕ ತುಂಬಬಲ್ಲದು. ಫಲಕಕ್ಕೂ ಬ್ಯಾಟರಿಗೂ ನಡುವೆ ಚಾರ್ಜ್ ಕಂಟ್ರೋಲರ್ ಇರಲೇಬೇಕು. ಮೋಡದ ದಿನಗಳಲ್ಲಿ ವಾರಕ್ಕೊಮ್ಮೆ ದಡದಲ್ಲಿ ಪೂರ್ತಿ ಚಾರ್ಜ್ ಮಾಡಿಸಿ. ಖರ್ಚು ಉಳಿಸಬೇಕೆಂದು ದೀಪವನ್ನು ಮಾತ್ರ ಆರಿಸಬೇಡಿ. ಟ್ರಾಲ್ ಅಲ್ಲದ ಬಲೆ ಬಿಟ್ಟ ದೋಣಿ ಕೆಂಪು ದೀಪವನ್ನು ಮೇಲೆ, ಬಿಳಿ ದೀಪವನ್ನು ಕೆಳಗೆ ತೋರಿಸಬೇಕೆಂಬುದು ಸಮುದ್ರಸಂಚಾರದ ಅಂತರರಾಷ್ಟ್ರೀಯ ನಿಯಮ. ಅದು ನಿಮ್ಮ ರಕ್ಷಣೆಗಾಗಿಯೇ ಇದೆ.

ಮಳೆಗಾಲದ ಜೋಪಾನ

ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. 10 ಅಶ್ವಶಕ್ತಿಯವರೆಗಿನ ಎಂಜಿನ್ನಿನ ನಾಡದೋಣಿಗಳಿಗೆ ಅವಕಾಶವಿದೆ. ಆದುದರಿಂದ ಮಳೆಗಾಲದ ಬ್ಯಾಟರಿಗಳು ಎರಡು ಬಗೆಯವು.

ದಡದಲ್ಲಿ ಉಳಿಯುವ ಬ್ಯಾಟರಿ ಸುಮ್ಮನೆ ಕೂತಿದ್ದರೂ ತಾನೇ ಇಳಿಯುತ್ತದೆ. ಇಳಿದ ಸ್ಥಿತಿಯಲ್ಲಿ ಎರಡು ತಿಂಗಳು ಬಿಟ್ಟರೆ ತಟ್ಟೆಗಳ ಮೇಲೆ ಗಟ್ಟಿಯಾದ ಬಿಳಿಯ ಸಲ್ಫೇಟ್ ಕಟ್ಟಿ ಮತ್ತೆ ಚಾರ್ಜ್ ಹಿಡಿಯದು. ಅದನ್ನು ದೋಣಿಯಿಂದ ತೆಗೆದು, ಪೂರ್ತಿ ಚಾರ್ಜ್ ಮಾಡಿ, ಗಾಳಿಯಾಡುವ ಒಣ ಜಾಗದಲ್ಲಿಟ್ಟು ತಿಂಗಳಿಗೊಮ್ಮೆ ಮತ್ತೆ ಚಾರ್ಜ್ ಮಾಡಿಸಿ.

ಮಳೆಯಲ್ಲೂ ಕಡಲಿಗಿಳಿಯುವ ದೋಣಿಯ ಬ್ಯಾಟರಿಯನ್ನು ನೀರು ನಿಲ್ಲುವ ತಳದಲ್ಲಿಡದೆ ಎತ್ತರದಲ್ಲಿ, ಮೇಲೆ ಗಾಳಿಕಂಡಿಯಿರುವ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ, ಅಲುಗದಂತೆ ಪಟ್ಟಿ ಕಟ್ಟಿ ಇಡಿ. ಕ್ಲಾಂಪುಗಳನ್ನು ತಿಂಗಳಿಗೊಮ್ಮೆ ಬಿಚ್ಚಿ, ಅಡುಗೆ ಸೋಡ ಕದಡಿದ ನೀರಿನಿಂದ ತೊಳೆದು, ಒರಸಿ, ಸ್ಯಾಂಡ್ ಪೇಪರಿನಿಂದ ಉಜ್ಜಿ, ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಸವರಿ. ಸೋಡದ ನೀರು ಕೋಶದೊಳಗೆ ಹೋಗಬಾರದು. ವ್ಯಾಸಲೀನ್ ಬಿಗಿ ಮಾಡಿದ ಮೇಲೆಯೇ ಹೊರತು ಮೊದಲಲ್ಲ.

ನೆನಪಿಡಬೇಕಾದ ಮಾತುಗಳು

ಹೊಸ ಬ್ಯಾಟರಿ ತರುವ ಮುನ್ನ ಹಳೆಯದು ಏಕೆ ಇಳಿಯಿತೆಂದು ಅಳೆದು ನೋಡಿ.

ಎಂಜಿನ್ ನಿಂತಾಗ 12.6, ಓಡುವಾಗ 13.5ರಿಂದ 14.5. ಈ ಎರಡು ಅಂಕಿಗಳನ್ನು ದೋಣಿಯ ಹಲಗೆಯ ಮೇಲೆ ಬಣ್ಣದಲ್ಲಿ ಬರೆದರೂ ಒಳ್ಳೆಯದೇ.

ಎಂಜಿನ್ನಿನ ಬಳಿ ಹೆಚ್ಚು, ಬ್ಯಾಟರಿಯ ಬಳಿ ಕಡಿಮೆಯೆಂದರೆ ತಂತಿ ನೋಡಿ. ಎರಡೂ ಕಡೆ ಕಡಿಮೆಯೆಂದರೆ ಕಾಯಿಲ್ ಮತ್ತು ರೆಗ್ಯುಲೇಟರ್ ನೋಡಿ. ಎರಡೂ ಕಡೆ ಸರಿಯೆಂದರೆ ಬ್ಯಾಟರಿಯನ್ನೂ ಖರ್ಚಿನ ಲೆಕ್ಕವನ್ನೂ ನೋಡಿ.

ಎಂಜಿನ್ ಓಡುವಾಗ ಬ್ಯಾಟರಿಯ ಸಂಪರ್ಕ ತಪ್ಪಿಸಬೇಡಿ.

ಎಷ್ಟೇ ಒಳ್ಳೆಯ ಬ್ಯಾಟರಿಯಿದ್ದರೂ ಒಣಗಿದ ಸೆಲ್ಲುಗಳಿರುವ ಒಂದು ಟಾರ್ಚನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಜೊತೆಗಿಡಿ. ಮೊಬೈಲ್ ಸಿಗ್ನಲ್ ಸಿಗುವಲ್ಲಿ ಕರಾವಳಿ ಕಾವಲು ಪಡೆಯ 1554 ಸಂಖ್ಯೆ ದೋಣಿಯಲ್ಲಿರುವ ಪ್ರತಿಯೊಬ್ಬರಿಗೂ ಬಾಯಿಪಾಠವಾಗಿರಲಿ.

ಮುಂದಿನ ಸಲ ದೋಣಿ ಇಳಿಸುವ ಮುನ್ನ ಮೀಟರನ್ನು ಒಮ್ಮೆ ಬ್ಯಾಟರಿಗೆ ತಾಗಿಸಿ ನೋಡಿ. ಒಂದು ನಿಮಿಷದ ಕೆಲಸ. ಅಂಕಿ ಕಡಿಮೆಯಿದ್ದರೆ ಆ ಸುದ್ದಿ ದಕ್ಕೆಯಲ್ಲೇ ತಿಳಿಯಲಿ. ಅಳಿವೆ ದಾಟಿ ನಡುಕಡಲು ಸೇರಿದ ಮೇಲೆ ತಿಳಿಯುವುದು ಬೇಡ.